1823ರ ಬಳ್ಳಾರಿ ವರದಿ ಮತ್ತು ನಮ್ಮ ಕೂಲಿಮಠಗಳು: ಮುಚ್ಚಿಸಿದವರು ಯಾರು?

ಹಗರಿ ದಂಡೆ:
"ಬ್ರಿಟಿಷರು ಬರುವ ಮೊದಲು ನಮ್ಮಲ್ಲಿ ಎಲ್ಲರಿಗೂ ಓದು ಬರುತ್ತಿತ್ತು, ಅವರೇ ಗುರುಕುಲಗಳಿಗೆ ಬೀಗ ಜಡಿಸಿದರು" ಎಂಬ ಸಂದೇಶ ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಅದರ ಕೆಳಗೆ "ಅವರು ಬಾರದಿದ್ದರೆ ನಮಗೆ ಅಕ್ಷರವೇ ಸಿಗುತ್ತಿರಲಿಲ್ಲ" ಎಂಬ ಮಾರುತ್ತರವೂ ಇರುತ್ತದೆ. ಇಬ್ಬರೂ ಕೂಗುತ್ತಾರೆ, ಮೂಲ ಕಾಗದವನ್ನು ಇಬ್ಬರೂ ಓದಿಲ್ಲ.

ಆ ಕಾಗದ ನಮ್ಮ ಜಿಲ್ಲೆಯದೇ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್‌ನಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾವ ಜಾತಿಯ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಜಿಲ್ಲೆಯ ಜನಸಂಖ್ಯೆ 9,27,857. ವಿದ್ಯಾಸಂಸ್ಥೆಗಳು 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರ್ಸಿಯವು (ಪರ್ಷಿಯನ್ ಭಾಷೆಯವು) 21, ತಮಿಳಿನವು 4, ಇಂಗ್ಲಿಷಿನದು 1. ಉಳಿದ 23 ಬ್ರಾಹ್ಮಣರಷ್ಟೇ ಓದುವ ಸಂಸ್ಕೃತ ಪಾಠಶಾಲೆಗಳು. (ತೆಲುಗು ಇಷ್ಟೇಕೆ ಎಂದು ಕೇಳುವವರಿಗೆ: ಇಂದಿನ ಅನಂತಪುರ ಆಗ ಬಳ್ಳಾರಿಯೊಳಗೇ ಇತ್ತು, 1882ರಲ್ಲಿ ಬೇರೆಯಾಯಿತು.) ಒಟ್ಟು ವಿದ್ಯಾರ್ಥಿಗಳು 6,641.

ಅಂದರೆ ಸಾವಿರ ಜನಕ್ಕೆ ಏಳು ಮಕ್ಕಳು, ಶಾಲೆಗೆ ಸರಾಸರಿ ಹನ್ನೆರಡು ಹುಡುಗರು. ಎಲ್ಲರಿಗೂ ಓದು ಬರುತ್ತಿತ್ತು ಎನ್ನುವವರು ಇಲ್ಲಿ ನಿಲ್ಲಬೇಕು. ಆದರೆ ಸರ್ಕಾರದ ಒಂದು ಕಾಸೂ ಇಲ್ಲದೆ 533 ಕಡೆ ಪಾಠ ನಡೆಯುತ್ತಿತ್ತಲ್ಲ, ಅಕ್ಷರವೇ ಇರಲಿಲ್ಲ ಎನ್ನುವವರೂ ಇಲ್ಲಿಯೇ ನಿಲ್ಲಬೇಕು. ಊರಿನವರು ಕೊಡುವ ಕೂಲಿಯಲ್ಲಿ ನಡೆಯುತ್ತಿದ್ದ ಈ ಕೂಲಿಮಠಗಳಲ್ಲಿ ಏನು ಕಲಿಸುತ್ತಿದ್ದರು, ಯಾರು ಬರುತ್ತಿದ್ದರು, ಆಮೇಲೆ ಅವು ಎಲ್ಲಿ ಹೋದವು? ತಿಳಿದವರು ಬರೆಯಿರಿ.

ಐಗಳ ಓಣಿ:
ಏನು ಕಲಿಸುತ್ತಿದ್ದರು ಎಂಬುದಕ್ಕೆ ಅದೇ ವರದಿಯಲ್ಲಿ ಒಳ್ಳೆಯ ವಿವರವಿದೆ. ಐದನೆಯ ವರ್ಷಕ್ಕೆ ಅಕ್ಷರಾಭ್ಯಾಸ. ಗುರುಗಳು ಇಡೀ ಶಾಲೆಯನ್ನು ಕರೆದುಕೊಂಡು ಹುಡುಗನ ಮನೆಗೆ ಬರುತ್ತಾರೆ, ಗಣಪತಿಯ ಮುಂದೆ ಕೂರಿಸಿ, ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಾರೆ. ಆಮೇಲೆ ಶಾಲೆಯಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಅದು ಕೈಗೆ ಹತ್ತಿದ ಮೇಲೆ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಚಿ, ಮೇಲೆ ಇದ್ದಿಲು ಮತ್ತು ಅಂಟು ಬಳಿದರೆ ಕಡತವಾಯಿತು. ಬಳಪದಲ್ಲಿ ಬರೆ, ಒದ್ದೆ ಬಟ್ಟೆಯಲ್ಲಿ ಒರೆಸು, ಮತ್ತೆ ಬರೆ. ಕಾಗದದ ಖರ್ಚಿಲ್ಲ.

ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ "ಸರಸ್ವತಿ" ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಾಗೆಯೇ ಏರುತ್ತ ಹೋಗುವುದು. ಕೊನೆಗೆ ಬಂದವನ ಗತಿ ಊಹಿಸಿಕೊಳ್ಳಿ. ಸೋಮಾರಿ ಹುಡುಗರನ್ನು ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ಎಳೆದು ತೂಗುಹಾಕುತ್ತಿದ್ದರೆಂದೂ ಕ್ಯಾಂಪ್‌ಬೆಲ್ ಬರೆಯುತ್ತಾನೆ. ನಮ್ಮಲ್ಲಿ ಅದಕ್ಕೆ ಕೋದಂಡ ಎನ್ನುತ್ತಾರೆ. ನಮ್ಮ ಮುತ್ತಜ್ಜ ಹಾವೇರಿ ಕಡೆಯ ಗಾವಠಿ (ಹಳ್ಳಿಯ) ಶಾಲೆಯಲ್ಲಿ ಕೋದಂಡ ಕಂಡವರು. ಅವರು ಕಲಿತದ್ದರಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ಹೆಚ್ಚು ನೆನಪಾಗುವುದು ಅದೇ.

ಓದುವ ಪುಸ್ತಕಗಳು ಸಮುದಾಯಕ್ಕೆ ತಕ್ಕಂತೆ ಬೇರೆಯಾಗುತ್ತಿದ್ದವು. ರಾಮಾಯಣ, ಮಹಾಭಾರತ, ಭಾಗವತ ಎಲ್ಲರಿಗೂ. ಲಿಂಗಾಯತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣದಂಥವು. ಹಗುರವಾದ ಓದಿಗೆ ಪಂಚತಂತ್ರ. ಪದಕೋಶ ಮತ್ತು ವ್ಯಾಕರಣಗಳ ಪಟ್ಟಿಯಲ್ಲಿ ಅಮರಕೋಶದ ಜೊತೆಗೆ ನಮ್ಮ ಕೇಶಿರಾಜನ ಶಬ್ದಮಣಿದರ್ಪಣವೂ ಇದೆ. ಹದಿಮೂರನೆಯ ಶತಮಾನದ ಕನ್ನಡ ವ್ಯಾಕರಣ 1823ರ ಬಳ್ಳಾರಿಯ ಶಾಲೆಗಳ ಪಟ್ಟಿಯಲ್ಲಿ ಸಿಗುತ್ತದೆ ಎಂದರೆ ಸಣ್ಣ ಮಾತಲ್ಲ. ಎಷ್ಟು ಹುಡುಗರು ಅಲ್ಲಿಯವರೆಗೆ ತಲುಪುತ್ತಿದ್ದರು ಎಂಬುದು ಬೇರೆ ಪ್ರಶ್ನೆ.

ನಿವೃತ್ತ ಗಣಿತ ಮೇಷ್ಟ್ರು:
ಪುರಾಣ ಬಿಡಿ, ಮಗ್ಗಿಗೆ ಬನ್ನಿ. ಕೂಲಿಮಠದ ನಿಜವಾದ ಬಲ ಲೆಕ್ಕ. ಒಂದು, ಎರಡರ ಮಗ್ಗಿಯಷ್ಟೇ ಅಲ್ಲ, ಕಾಲು, ಅರೆ, ಮುಕ್ಕಾಲು, ಒಂದೂಕಾಲರ ಮಗ್ಗಿಯೂ ಬಾಯಿಪಾಠವಾಗಬೇಕಿತ್ತು. ವೀಸ, ಹಾಗ, ಹಣ, ವರಹಗಳ ಲೆಕ್ಕ, ಕೊಳಗ ಬಳ್ಳಗಳ ಅಳತೆ, ಬಡ್ಡಿ. ಸಂತೆಯಲ್ಲಿ ಮೋಸಹೋಗದಿರಲು, ಪಟೇಲ ಶಾನುಭೋಗರ ಕಾಗದ ಓದಿಕೊಳ್ಳಲು ಏನು ಬೇಕೋ ಅದು. ರೈತನೂ ಶೆಟ್ಟಿಯೂ ಮಗನನ್ನು ಕಳುಹಿಸಿ ಕೂಲಿ ಕೊಡುತ್ತಿದ್ದದ್ದು ಇದಕ್ಕಾಗಿ.

ಇನ್ನೊಂದು ವಿಷಯ. ಮುಂದಿನ ಪಾಠದ ಹುಡುಗ ಹಿಂದಿನವನಿಗೆ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಬಹಳ ಮೆಚ್ಚಿಕೊಂಡು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಬರೆಯುತ್ತಾನೆ. ಮದ್ರಾಸಿನ ಎಗ್ಮೋರ್‌ನ ಅನಾಥಾಲಯದಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ನೋಡಿ ತನ್ನ ಶಾಲೆಯಲ್ಲಿ ಜಾರಿಗೆ ತಂದ. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿನ ಬಡಮಕ್ಕಳ ಸಾವಿರಾರು ಶಾಲೆಗಳು "ಮದ್ರಾಸ್ ಪದ್ಧತಿ"ಯಲ್ಲಿ ನಡೆದವು. ಇಲ್ಲಿ ಐಗಳು, ಅಂದರೆ ಕೂಲಿಮಠದ ಮೇಷ್ಟರು, ಹೊಟ್ಟೆಗಿಲ್ಲದೆ ಶಾಲೆ ಮುಚ್ಚುವ ಕಾಲಕ್ಕೆ ಅವರ ಪದ್ಧತಿ ಅಲ್ಲಿ ಹೊಸ ಶೋಧವೆಂದು ಮೆರೆಯುತ್ತಿತ್ತು.

ಆದರೆ ಕ್ಯಾಂಪ್‌ಬೆಲ್‌ನ ದೂರನ್ನೂ ಹೇಳಿಬಿಡುತ್ತೇನೆ. ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಮಾಡಿಸುತ್ತಾರೆ, ಆ ಭಾಷೆ ಆಡುವ ಭಾಷೆಗೆ ದೂರ, ಮೇಷ್ಟರಿಗೇ ಅರ್ಥ ಗೊತ್ತಿಲ್ಲ ಎನ್ನುತ್ತಾನೆ. ಜೀವಮಾನವೆಲ್ಲ ಪಾಠ ಮಾಡಿದವನಾಗಿ ಈ ಮಾತನ್ನು ನಾನು ತಳ್ಳಿಹಾಕಲಾರೆ.

ಕೆರೆಯಾಚೆ:
ಶಬ್ದಮಣಿದರ್ಪಣದ ಬಗ್ಗೆ ಹೆಮ್ಮೆಪಡುವವರು ಜಾತಿಯ ಕಾಲಮ್ಮನ್ನು ಓದದೆ ಮುಂದೆ ಹೋಗಬೇಡಿ. ಹಿಂದೂ ಹುಡುಗರು 6,338. ಅದರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, "ಇತರ ಎಲ್ಲ ಜಾತಿಗಳು" 1,174. ಮುಸ್ಲಿಮರು 243. ಹುಡುಗಿಯರು ಇಡೀ ಜಿಲ್ಲೆಗೆ 60.

ಶೂದ್ರರು ಸುಮಾರು ಅರ್ಧದಷ್ಟಿದ್ದರು, ಆದ್ದರಿಂದ ಶಿಕ್ಷಣ ಬ್ರಾಹ್ಮಣರ ಸ್ವತ್ತಾಗಿರಲಿಲ್ಲ ಎಂಬ ವಾದ ನಿಜ. ಒಪ್ಪುತ್ತೇನೆ. ಆದರೆ ಆ "ಇತರ" ಎಂಬ ಪೆಟ್ಟಿಗೆಯೊಳಗೆ ಹೊಲಗೇರಿಯ, ಮಾದಿಗರ ಕೇರಿಯ ಮಕ್ಕಳಿದ್ದರು ಎಂದು ಸಾಧಿಸುವವರಿಗೆ ನನ್ನದೊಂದು ಪ್ರಶ್ನೆ. ಪಾಠ ನಡೆಯುತ್ತಿದ್ದದ್ದು ಗುಡಿಯ ಪೌಳಿಯಲ್ಲಿ, ಮಠದಲ್ಲಿ, ಐಗಳ ಜಗಲಿಯಲ್ಲಿ. ನಮ್ಮವರನ್ನು ಆ ಜಗಲಿ ಹತ್ತಲು ಯಾರು ಬಿಡುತ್ತಿದ್ದರು? ಅದೇ ಅಕ್ಕಿ, ಅದೇ ಗಣಪತಿ, ಅದೇ ಗುರುಗಳು ನಮ್ಮ ಕೇರಿಗೆ ಬರುತ್ತಿದ್ದರೇ?

ಹಾಗೆಂದು ಕಂಪನಿ ಸರ್ಕಾರವೂ ಬಾಗಿಲು ತೆರೆದಿಡಲಿಲ್ಲ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಮಹಾರ್ ಜಾತಿಯ ಒಬ್ಬ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ನ್ಯಾಯ ಅವನ ಕಡೆ ಇದೆ ಎಂದು ಸರ್ಕಾರಕ್ಕೆ ಗೊತ್ತಿತ್ತು. ಆದರೂ ಒಬ್ಬನಿಗಾಗಿ ಶಾಲೆ ಉಳಿದವರಿಗೆಲ್ಲ ನಿರುಪಯೋಗಿಯಾಗುತ್ತದೆ ಎಂದು ಅರ್ಜಿಯನ್ನು ತಿರಸ್ಕರಿಸಿತು. 1858ರಲ್ಲಿ ಲಂಡನ್ನಿನ ನಿರ್ದೇಶಕ ಮಂಡಳಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದಿತು. ಕಾಗದದಲ್ಲಿ ಗೆದ್ದೆವು. ಆಮೇಲೆಯೂ ತಲೆಮಾರುಗಟ್ಟಲೆ ನಮ್ಮ ಮಕ್ಕಳು ಶಾಲೆಯ ಹೊರಗಿನ ಜಗಲಿಯಲ್ಲಿ ಕೂತರು. ನಮಗೆ ನಿಜವಾಗಿ ಶಾಲೆ ಮಾಡಿಕೊಟ್ಟವರು ಕುದ್ಮುಲ್ ರಂಗರಾವ್ ಅಂಥವರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರು ಶಾಲೆ ತೆರೆದರು, ಅದಕ್ಕಾಗಿ ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಉಂಡರು.

ಭಾರತ ಮಾತೆಯ ಮಗ:
ಇಷ್ಟೆಲ್ಲ ಅಂಕಿ ಬೇಕಿಲ್ಲ. ಎಲ್ಲವನ್ನೂ ಹಾಳುಮಾಡಿದವನು ಮೆಕಾಲೆ. "ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನನ್ನೂ ಕಳ್ಳನನ್ನೂ ಕಾಣಲಿಲ್ಲ, ಇವರ ಶಿಕ್ಷಣದ ಬೆನ್ನೆಲುಬು ಮುರಿಯಬೇಕು" ಎಂದು 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅವನೇ ಹೇಳಿದ್ದಾನೆ. ಅದಕ್ಕಿಂತ ಸಾಕ್ಷಿ ಬೇಕೇ?

ಹಗರಿ ದಂಡೆ:
ಸ್ವಾಮಿ, ಆ ಮಾತು ಯಾರೋ ಹೊಸೆದದ್ದು. ಆ ದಿನ ಮೆಕಾಲೆ ಪಾರ್ಲಿಮೆಂಟಿನಲ್ಲಿ ಇರಲಿಲ್ಲ, ಗವರ್ನರ್ ಜನರಲ್ ಕೌನ್ಸಿಲಿನ ಸದಸ್ಯನಾಗಿ ಕಲ್ಕತ್ತದಲ್ಲಿದ್ದ. ಶಿಕ್ಷಣದ ಬಗ್ಗೆ ಅದೇ ತಾರೀಖಿನ ಅವನ ನಿಜವಾದ ಟಿಪ್ಪಣಿ ಇದೆ, ಅದರಲ್ಲಿ ಈ ವಾಕ್ಯವಿಲ್ಲ. ಅಲ್ಲಿರುವುದೇ ಬೈಯಲು ಸಾಕಷ್ಟಿದೆ: ಯೂರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟು ಭಾರತ ಮತ್ತು ಅರೇಬಿಯಾದ ಸಮಸ್ತ ಸಾಹಿತ್ಯಕ್ಕೆ ಸಮ ಎಂದದ್ದು ಅವನೇ. ಇಲ್ಲದ್ದನ್ನು ಸೇರಿಸುವ ಅಗತ್ಯವೇನು? (ಅಂದ ಹಾಗೆ ಅವನು 1834ರಲ್ಲಿ ಮದ್ರಾಸಿನಲ್ಲಿ ಹಡಗಿಳಿದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ಮೇಲೆಯೇ ಊಟಿಗೆ ಹೋದ. ಅವನು ಸುತ್ತಿದ ಉದ್ದಗಲ ಹೆಚ್ಚುಕಡಿಮೆ ಅಷ್ಟೇ.)

ಕಾಲವನ್ನೂ ನೋಡಿ. ಕ್ಯಾಂಪ್‌ಬೆಲ್ ಬರೆದದ್ದು ಮೆಕಾಲೆಗಿಂತ ಹನ್ನೆರಡು ವರ್ಷ ಮೊದಲು. ಆಗಲೇ ಶಾಲೆಗಳು ಸಾಯುತ್ತಿದ್ದವು.

ಮಗ್ಗದ ಮನೆ:
ಹೌದು, ವರದಿಯ ಜೀವಾಳ ಅಲ್ಲಿದೆ. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ, ದೊಡ್ಡ ಶಾಲೆಗಳಿದ್ದ ಕಡೆ ಸಿರಿವಂತರ ನಾಲ್ಕು ಮಕ್ಕಳು ಮಾತ್ರ ಉಳಿದಿದ್ದಾರೆ, ಉಳಿದವರು ಬಡತನದಿಂದ ಬಿಟ್ಟಿದ್ದಾರೆ ಎನ್ನುತ್ತಾನೆ ಕ್ಯಾಂಪ್‌ಬೆಲ್. ಕಾರಣವನ್ನೂ ಮುಚ್ಚಿಡುವುದಿಲ್ಲ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಗಳಿಕೆ ಕುಸಿಯಿತು. ದಂಡು ದೂರದ ಗಡಿಗಳಿಗೆ ಹೋಗಿ ಧಾನ್ಯಕ್ಕೆ ಗಿರಾಕಿ ತಪ್ಪಿತು. ಹಿಂದಿನ ಅರಸರೂ ಅವರ ಅಧಿಕಾರಿಗಳೂ ಇಲ್ಲಿಯೇ ಖರ್ಚು ಮಾಡುತ್ತಿದ್ದ ಹಣ ಈಗ ಯೂರೋಪಿಯನ್ನರ ಕೈ ಸೇರಿ ದಿನೇ ದಿನೇ ದೇಶದಿಂದ ಹೊರಗೆ ಹರಿಯುತ್ತಿದೆ. ಇದನ್ನು ಬರೆಯುತ್ತಿರುವವನು ಕಂಪನಿಯ ಕಲೆಕ್ಟರ್, ಯಾವ ಚಳವಳಿಗಾರನೂ ಅಲ್ಲ. ಹಿಂದೆ ವಿದ್ಯೆಗೆ ಹಣವೂ ಭೂಮಿಯೂ ಧಾರಾಳವಾಗಿ ದಾನವಾಗುತ್ತಿತ್ತು, ಇಂದು 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ ಎಂದೂ ಬರೆಯುತ್ತಾನೆ.

ನಾವು ನೇಕಾರರು. ಮಗ್ಗ ನಿಂತರೆ ಮನೆಯಲ್ಲಿ ಮೊದಲು ನಿಲ್ಲುವುದು ಮಕ್ಕಳ ಓದು. ಇದಕ್ಕೆ ಯಾರೂ ಹುಕುಂ ಹೊರಡಿಸಬೇಕಾಗಿಲ್ಲ. ಐಗಳಿಗೆ ಸಂಬಳ ಕೊಡುತ್ತಿದ್ದವನು ಊರಿನವನು, ಊರಿನ ಕೈ ಬರಿದಾದ ಮೇಲೆ ಐಗಳು ಏನು ತಿನ್ನಬೇಕು? ಬೀಗ ಜಡಿದವರನ್ನು ಹುಡುಕುತ್ತ ಕೂತರೆ ಈ ಭಾಗ ಕಣ್ಣಿಗೆ ಬೀಳುವುದೇ ಇಲ್ಲ.

ಮನ್ರೋ 1826ರ ಮಾರ್ಚ್‌ನಲ್ಲಿ ಇಡೀ ಪ್ರಾಂತ್ಯದ ಲೆಕ್ಕ ಕೂಡಿಸಿದ: 12,498 ಶಾಲೆಗಳು, 1,28,50,941 ಜನ. ಸಾವಿರ ಜನಕ್ಕೊಂದು ಶಾಲೆ. ಐದರಿಂದ ಹತ್ತು ವರ್ಷದ ಹುಡುಗರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿ ಶಾಲೆಯಲ್ಲಿದ್ದಾರೆ, ಮನೆಪಾಠವನ್ನೂ ಸೇರಿಸಿದರೆ ಮೂರರಲ್ಲೊಂದು ಭಾಗದ ಹತ್ತಿರ ಹೋಗಬಹುದು ಎಂದು ಅಂದಾಜು ಮಾಡಿದ. ಆ ಸರಾಸರಿಯ ಅರ್ಧದಷ್ಟೇ ನಮ್ಮ ಬಳ್ಳಾರಿ. ಕನ್ನಡ ಜಿಲ್ಲೆ, ಅಂದರೆ ಕರಾವಳಿಯ ಕಲೆಕ್ಟರ್, ನಮ್ಮಲ್ಲಿ ಮನೆಪಾಠವೇ ಹೆಚ್ಚು, ಲೆಕ್ಕ ಹಾಕುವುದು ವ್ಯರ್ಥ ಎಂದು ಅಂಕಿಗಳನ್ನೇ ಕಳುಹಿಸಲಿಲ್ಲ!

ಮಂಜಿನ ನಾಡು:
ನಾನು ಕೆನಡಾದ ಮ್ಯಾನಿಟೋಬಾದಲ್ಲಿದ್ದೇನೆ. ಸೆಪ್ಟೆಂಬರ್ 30ಕ್ಕೆ ನನ್ನ ಮಗಳ ಶಾಲೆಯಲ್ಲಿ ಎಲ್ಲ ಮಕ್ಕಳೂ ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ. ವಸತಿ ಶಾಲೆಗಳಲ್ಲಿ ನರಳಿದ ಮೂಲನಿವಾಸಿ ಮಕ್ಕಳ ನೆನಪಿಗೆ. ಈ ಚರ್ಚೆ ಓದುತ್ತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆನಿಸಿತು.

ಇಲ್ಲಿನ ಕ್ರೀ, ಅನಿಶಿನಾಬೆ ಜನರಲ್ಲಿ ಶಾಲೆ ಎಂಬ ಕಟ್ಟಡವೇ ಇರಲಿಲ್ಲ. ಮಗು ದೊಡ್ಡವರ ಜೊತೆ ಬೇಟೆಗೆ, ಮೀನಿಗೆ, ಕಾಡಕ್ಕಿಯ ಸುಗ್ಗಿಗೆ ಹೋಗಿ ನೋಡಿ ಕಲಿಯುತ್ತಿತ್ತು. ಕೆಲವು ಕಥೆಗಳನ್ನು ಹಿಮ ಬಿದ್ದ ಮೇಲೆ ಮಾತ್ರ ಹೇಳಬೇಕೆಂಬ ಕಟ್ಟಳೆ ಇತ್ತು. ಕೋದಂಡದ ಸುದ್ದಿ ಬಂತಲ್ಲ, ಅದಕ್ಕೆ ಹೇಳುತ್ತೇನೆ: ಪೂರ್ವದ ಕಡೆ ಹದಿನೇಳನೆಯ ಶತಮಾನದಲ್ಲಿ ಬಂದ ಜೆಸುಯಿಟ್ ಪಾದ್ರಿಗಳ ದೊಡ್ಡ ದೂರೇ ಈ ಜನ ಮಕ್ಕಳಿಗೆ ಹೊಡೆಯುವುದಿಲ್ಲ, ಹೊಡೆಯಲು ನಮ್ಮನ್ನೂ ಬಿಡುವುದಿಲ್ಲ ಎಂಬುದಾಗಿತ್ತು.

ಮೂಲನಿವಾಸಿಗಳೊಂದಿಗಿನ 1871ರ ಮೊದಲ ಒಪ್ಪಂದದಲ್ಲಿ, ನೀವು ಬಯಸಿದಾಗ ನಿಮ್ಮ ನೆಲದಲ್ಲೇ ಶಾಲೆ ನಡೆಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತ್ತು. ಆದರೆ ಮುಂದೆ ಕಟ್ಟಿಸಿದ್ದು ಮಕ್ಕಳನ್ನು ತಾಯಿತಂದೆಯರಿಂದ ದೂರವಿಡುವ ವಸತಿ ಶಾಲೆಗಳನ್ನು, ನಡೆಸಲು ಬಿಟ್ಟದ್ದು ಚರ್ಚುಗಳಿಗೆ. 1920ರಲ್ಲಿ ಹಾಜರಿ ಕಾನೂನಿನ ಕಡ್ಡಾಯವಾಯಿತು. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿ ಆಡಿದರೆ ಹೊಡೆದರು. ಕ್ಷಯದಿಂದ ಮಕ್ಕಳು ಸಾಯುತ್ತಿದ್ದಾರೆಂದು ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯ 1907ರಲ್ಲೇ ವರದಿ ಕೊಟ್ಟ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಮಾರು 1,50,000 ಮಕ್ಕಳು ಈ ಶಾಲೆಗಳ ಮೂಲಕ ಹಾದುಹೋದರು. ಕೊನೆಯವು ಮುಚ್ಚಿದ್ದು 1990ರ ದಶಕದ ಉತ್ತರಾರ್ಧದಲ್ಲಿ. ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧ ಎಂದು ಕರೆಯಿತು.

ಬಳ್ಳಾರಿಯಲ್ಲಿ ಊರಿನ ಶಾಲೆಯ ಅನ್ನ ಕಸಿದರು. ಇಲ್ಲಿ ಮಕ್ಕಳನ್ನೇ ಕಸಿದರು. ಎರಡನ್ನೂ ವಸಾಹತುಶಾಹಿ ಎಂಬ ಒಂದೇ ಚೀಲಕ್ಕೆ ತುಂಬಿದರೆ ಎರಡೂ ಅರ್ಥವಾಗುವುದಿಲ್ಲ.

ಕಬಿನಿ ಹಿನ್ನೀರು:
ಮಂಜಿನ ನಾಡು ಅವರೇ, ಅಷ್ಟು ದೂರ ಹೋಗಬೇಕಾಗಿಲ್ಲ. ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆಶ್ರಮ ಶಾಲೆಯ, ಅಂದರೆ ಬುಡಕಟ್ಟು ಮಕ್ಕಳ ಸರ್ಕಾರಿ ವಸತಿ ಶಾಲೆಯ, ಮಕ್ಕಳಿಗೆ ಪಾಠ ಮಾಡಿದವಳು. ಕೆನಡಾದ ಕ್ರೌರ್ಯಕ್ಕೆ ಇದನ್ನು ಹೋಲಿಸುತ್ತಿಲ್ಲ. ಇಲ್ಲಿ ಉದ್ದೇಶ ಒಳ್ಳೆಯದಿತ್ತು, ಊಟ ಬಟ್ಟೆ ಪುಸ್ತಕ ಉಚಿತವಾಗಿತ್ತು, ಪೋಷಕರೇ ತಂದು ಬಿಡುತ್ತಿದ್ದರು. ಆದರೆ ಜೇನುಕುರುಬರ ಹಾಡಿಯಿಂದ ಆರು ವರ್ಷದ ಮಗು ಬಂದಾಗ ಅದರ ಮಾತು ಶಿಕ್ಷಕರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ಪಠ್ಯದ ಕನ್ನಡ ಮಗುವಿಗೆ ತಿಳಿಯುತ್ತಿರಲಿಲ್ಲ. ಯಾವ ಮರದ ಯಾವ ಕೊಂಬೆಗೆ ಯಾವ ಕಾಲದಲ್ಲಿ ಜೇನು ಕಟ್ಟುತ್ತದೆ, ಯಾವ ಗೆಣಸನ್ನು ಎಷ್ಟು ಅಗೆದು ಎಷ್ಟು ಬಿಡಬೇಕು ಎಂದು ಬಲ್ಲ ಹುಡುಗನನ್ನು ನಾವು "ಹಿಂದುಳಿದವನು" ಎಂದು ಹಾಜರಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆವು. ಅವನು ಓಡಿಹೋಗುತ್ತಿದ್ದ, ನಾವು ಹುಡುಕಿ ತರುತ್ತಿದ್ದೆವು.

1823ರ ಕಾಲಮ್ಮುಗಳಲ್ಲಿ ಕಾಡಿನವರಿಗೆ ಜಾಗವೇ ಇಲ್ಲ. ಹಲಗೆ, ಕಡತ, ಗುರು, ಸಂಬಳ ಇದ್ದರೆ ಮಾತ್ರ ಅದು ಕಲಿಕೆ ಎಂದು ಮನ್ರೋ ನಿರ್ಧರಿಸಿದ. ಅವನ ನಮೂನೆಯನ್ನೇ ಹಿಡಿದುಕೊಂಡು "ಆಗ ಎಷ್ಟು ಜನ ಕಲಿತಿದ್ದರು" ಎಂದು ನಾವೂ ಜಗಳವಾಡುತ್ತಿದ್ದೇವೆ. ಕಮ್ಮಾರನ ಮಗ, ಕುಂಬಾರನ ಮಗಳು, ಸೂಲಗಿತ್ತಿಯ ಸೊಸೆ ಇವರ್ಯಾರೂ ಆ ಲೆಕ್ಕದಲ್ಲಿಲ್ಲ.

ಕೆರೆಯಾಚೆ:
ಅಕ್ಕಾ, ಮಾತು ಸರಿ. ಆದರೆ ಅಲ್ಲಿ ಒಂದು ಅಪಾಯವಿದೆ. ಕಸುಬೇ ವಿದ್ಯೆ ಎಂದು ನಮಗೆ ಶತಮಾನಗಳ ಕಾಲ ಹೇಳಿದ್ದಾರೆ. ಚರ್ಮ ಹದಮಾಡುವುದು ದೊಡ್ಡ ಜ್ಞಾನ, ಸುಳ್ಳಲ್ಲ. ಆ ಜ್ಞಾನವಿದ್ದವನಿಗೆ ಸಾಲದ ಪತ್ರ ಓದಲು ಬಾರದೆ ಹೊಲ ಹೋಯಿತು. ನಮಗೆ ಅಕ್ಷರವೂ ಬೇಕಿತ್ತು.

ಕಬಿನಿ ಹಿನ್ನೀರು:
ಬೇಕೇ ಬೇಕು. ಆ ಹುಡುಗನಿಗೂ ಬೇಕು. ಅವನ ಮಾತಿನಲ್ಲಿ ಶುರುಮಾಡಿ ಎಂಬುದಷ್ಟೇ ನನ್ನ ಬೇಡಿಕೆ.

ಹೋಬಳಿ ಶಾಲೆ:
ಕೂಲಿಮಠಗಳು ಆಮೇಲೆ ಎಲ್ಲಿ ಹೋದವು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮದ್ರಾಸಿನಲ್ಲಿ ಮನ್ರೋ ಜಿಲ್ಲೆಗೆ ಎರಡು ದೊಡ್ಡ ಶಾಲೆ, ತಹಶೀಲ್ದಾರಿಗೆ ಒಂದರಂತೆ ಸಣ್ಣ ಶಾಲೆ ಎಂದು ಯೋಜನೆ ಹಾಕಿ, ವರ್ಷಕ್ಕೆ 50,000 ರೂಪಾಯಿ ಕೇಳಿದ. ಸಣ್ಣ ಶಾಲೆಯ ಮೇಷ್ಟರಿಗೆ ತಿಂಗಳಿಗೆ ಒಂಬತ್ತು ರೂಪಾಯಿ. 1827ರ ಜುಲೈನಲ್ಲಿ ಮನ್ರೋ ಕಾಲರಾದಿಂದ ಪತ್ತಿಕೊಂಡದಲ್ಲಿ ತೀರಿಕೊಂಡ. 1836ರಲ್ಲಿ ಈ ಶಾಲೆಗಳನ್ನು ನಿಲ್ಲಿಸಿ, ಹಣವನ್ನು ಇಂಗ್ಲಿಷ್ ಶಿಕ್ಷಣದ ಕಡೆ ತಿರುಗಿಸಿದರು. ಮೆಕಾಲೆಯ ಪಾತ್ರ ಇಲ್ಲಿದೆ: ಇದ್ದದ್ದನ್ನು ಕೆಡವಿದ್ದಕ್ಕಿಂತ, ಅದಕ್ಕೆ ಬರಬಹುದಾಗಿದ್ದ ನೆರವು ಬರದಂತೆ ಮಾಡಿದ್ದು.

ಮೈಸೂರಿನ ಕಥೆ ಬೇರೆ. ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಶಾಸನಗಳನ್ನು ಸಂಗ್ರಹಿಸಿದ ಅದೇ ರೈಸ್. ಹೋಬಳಿಗೊಂದು ಶಾಲೆ, ಕಟ್ಟಡ ಊರಿನವರದು, ಊರಿನ ಕಡೆಯ ಮೇಷ್ಟರಿಗೇ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಸಂಬಳ. ಹಳೆಯ ಪದ್ಧತಿಯನ್ನು ಹೊಸದರೊಳಗೆ ಸೇರಿಸಿಕೊಳ್ಳುವ ಪ್ರಯತ್ನ. ಧಾರವಾಡ ಕಡೆ ಅದೇ ಕಾಲದಲ್ಲಿ ಹೋರಾಟವೇ ಬೇರೆ. ಸರ್ಕಾರಿ ಶಾಲೆಗಳಲ್ಲಿ ಮರಾಠಿ ಕೂತಿತ್ತು, ಅದನ್ನು ಎಬ್ಬಿಸಿ ಕನ್ನಡ ತರಲು ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಬೆವರು ಹರಿಸಬೇಕಾಯಿತು. ಹೊಸ ವ್ಯವಸ್ಥೆಯಲ್ಲಿ ಐಗಳು ಉಳಿಯಬೇಕಾದರೆ ಹಾಜರಿ ಪುಸ್ತಕ, ಗಡಿಯಾರ, ಅಚ್ಚಾದ ಪುಸ್ತಕ, ಇನ್ಸ್‌ಪೆಕ್ಟರರ ಪರೀಕ್ಷೆ ಎಲ್ಲಕ್ಕೂ ಒಗ್ಗಬೇಕಿತ್ತು. ಅಮಾವಾಸ್ಯೆ, ಹುಣ್ಣಿಮೆಗೆ ರಜೆ ಕೊಟ್ಟು, ಮಹಾನವಮಿಗೆ ಹುಡುಗರನ್ನು ಕರೆದುಕೊಂಡು ಮನೆಮನೆಯಲ್ಲಿ ಹಾಡಿಸಿ ಕಾಣಿಕೆ ಪಡೆಯುತ್ತಿದ್ದವರಿಗೆ ಅದು ಸುಲಭವಾಗಿರಲಿಲ್ಲ. ಕೆಲವರು ಒಗ್ಗಿದರು. ಉಳಿದವರ ಮಠಗಳಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು, ಸರ್ಕಾರಿ ಕೆಲಸಕ್ಕೆ ಸರ್ಕಾರಿ ಶಾಲೆಯ ಸರ್ಟಿಫಿಕೇಟೇ ಬೇಕಿತ್ತಲ್ಲ.

ಭಾರತ ಮಾತೆಯ ಮಗ:
ಮೆಕಾಲೆಯ ಮಾತು ಸುಳ್ಳು ಎನ್ನುತ್ತೀರಿ, ಸರಿ. ಆದರೆ ಗಾಂಧೀಜಿಯೇ 1931ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷರು ಬೇರಿನ ಮಣ್ಣು ಕೆದಕಿ ನೋಡಿ ಹಾಗೆಯೇ ಬಿಟ್ಟರು, ಆ ಸುಂದರ ಮರ ಸತ್ತಿತು ಎಂದಿದ್ದಾರೆ. ಅದಕ್ಕೇನು ಹೇಳುತ್ತೀರಿ?

ಮಗ್ಗದ ಮನೆ:
ಗಾಂಧೀಜಿ ಹೇಳಿದ್ದು ನಿಜ. 1931ರ ಅಕ್ಟೋಬರ್ 20ರಂದು. ಫಿಲಿಪ್ ಹಾರ್ಟಾಗ್ ಎಂಬ ಶಿಕ್ಷಣಾಧಿಕಾರಿ ಆಧಾರ ಕೊಡಿ ಎಂದು ಪಟ್ಟು ಹಿಡಿದು, ವರ್ಷಗಟ್ಟಲೆ ಪತ್ರ ಬರೆದ. ಮದ್ರಾಸಿನ ಈ ದಾಖಲೆಗಳನ್ನು ಇತಿಹಾಸಕಾರ ಧರಂಪಾಲ್ 1983ರಲ್ಲಿ ಒಟ್ಟಾಗಿ ಅಚ್ಚು ಹಾಕಿಸಿದ್ದರಿಂದಲೇ ಇಂದು ನಾವು ಕೂತು ಜಗಳವಾಡಲು ಸಾಧ್ಯವಾಗಿದೆ. ಗಾಂಧೀಜಿಯ ಮಾತಿನಲ್ಲೂ "ಬೀಗ ಜಡಿದರು" ಎಂದಿಲ್ಲ, ಗಮನಿಸಿ. ಧರಂಪಾಲ್ ಅಚ್ಚು ಹಾಕಿಸಿದ ಕೋಷ್ಟಕಗಳಲ್ಲೇ "ಕೆರೆಯಾಚೆ" ಅವರು ಹೇಳಿದ ಆ 60 ಹುಡುಗಿಯರೂ ಇದ್ದಾರೆ. ಮರವನ್ನು ನೆನೆಯುವವರು ಆ ಸಾಲನ್ನೂ ಓದಬೇಕು.

ನಿವೃತ್ತ ಗಣಿತ ಮೇಷ್ಟ್ರು:
ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕಡತ, ಮಗ್ಗಿಯ ಓಲೆ, ಮಹಾನವಮಿ ಚೌಪದದ (ಹಾಡಿನ) ಕೈಬರಹ ಇದ್ದರೆ ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಮೊದಲು ಮೊಬೈಲಿನಲ್ಲಿ ಎರಡೂ ಮಗ್ಗುಲಿನ ಫೋಟೋ ತೆಗೆದು ಇಲ್ಲಿ ಹಾಕಿ. ಕಾಲು, ಮುಕ್ಕಾಲರ ಮಗ್ಗಿಗಳನ್ನು ನಾನು ಓದಿ ಕೊಡುತ್ತೇನೆ. ಮೋಡಿ ಅಕ್ಷರ (ಹಳೆಯ ಕಾಗದಗಳ ಓಡುಬರಹ) ಇದ್ದರೆ ಐಗಳ ಓಣಿಯವರು ನೋಡಲಿ.

ಐಗಳ ಓಣಿ:
ನೋಡುತ್ತೇನೆ. ಓಲೆಯಾಗಿದ್ದರೆ ದಾರವನ್ನೂ ಬಿಚ್ಚಬೇಡಿ, ಓಲೆಗಳ ಅನುಕ್ರಮ ತಪ್ಪುತ್ತದೆ.